ರೆಕ್ಕೆಯೊಳಗಿನ ನೀರು

ಮಳೆಗಾಲದಲ್ಲಿ ಹಾನಗಲ್ ಸೀಮೆಯ ಮನೆಯಲ್ಲಿ ಸವಣೂರ ಖಾರದ ಪೊಟ್ಟಣವನ್ನು ಬಿಚ್ಚಿಟ್ಟು ಕಟ್ಟಲು ಮರೆತರೆ ಏನಾಗುತ್ತದೆ ಎಂಬುದು ಹುಡುಗರಿಗೂ ಗೊತ್ತು. ಬೆಳಿಗ್ಗೆ ಹಲ್ಲಿಗೆ ಸಿಕ್ಕರೆ ಕರಕರ ಸದ್ದು ಮಾಡುತ್ತಿದ್ದ ಸೇವು ರಾತ್ರಿಯ ಹೊತ್ತಿಗೆ ಮೆತ್ತಗಾಗಿರುತ್ತದೆ. ಅಗಿದರೆ ಹಲ್ಲಿಗೆ ಅಂಟುತ್ತದೆ. ಅದರೊಳಗಿನ ಎಣ್ಣೆ ಎಲ್ಲಿಗೂ ಹೋಗಿಲ್ಲ. ಕರಿದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಹೊಸದಾಗಿ ಬಂದು ಸೇರಿದ್ದು ಗಾಳಿಯ ತೇವ ಮಾತ್ರ. ಅದೇ ಸೇವನ್ನು ಬಿಸಿ ಹಂಚಿನ ಮೇಲೆ ಎರಡು ನಿಮಿಷ ಬೆಚ್ಚಗೆ ಮಾಡಿ ಆರಿಸಿದರೆ ಸದ್ದು ಮರಳಿ ಬರುತ್ತದೆ, ಒಂದು ಹನಿ ಎಣ್ಣೆಯೂ ಬೇಕಾಗುವುದಿಲ್ಲ.

ಈಗ ಶಿಗ್ಗಾವಿಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಸಂಜೆ ಒಲೆ ಹೊತ್ತಿಸುವ ಯಾವುದಾದರೂ ಬಂಡಿಯ ಮುಂದೆ ನಿಲ್ಲಿ. ಕೋಳಿಯ ರೆಕ್ಕೆಯನ್ನು ಕೆಂಪಗೆ ಕರಿದ ಚಿಕನ್ ಲಾಲಿಪಾಪ್ ಅಲ್ಲೇ ತಿಂದರೆ ಗರಿಗರಿ. ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ಒಯ್ದರೆ ಹತ್ತೇ ನಿಮಿಷದಲ್ಲಿ ತೊಗಲು ತೊಯ್ದ ಬಟ್ಟೆ. ಎಣ್ಣೆ ಮಾತ್ರ ಅಷ್ಟೇ ಇರುತ್ತದೆ, ಕಾಗದದ ತುಂಬ ಹರಡಿರುತ್ತದೆ.

ಹಾಗಾದರೆ ಗರಿಗರಿತನ ಬರುವುದು ಎಲ್ಲಿಂದ? ಕೋಳಿಯ ರೆಕ್ಕೆಯನ್ನು ಖಾರವಾಗಿ, ಗರಿಗರಿಯಾಗಿ ತಿನ್ನಬೇಕು, ಆದರೆ ಮೈಗೆ ಭಾರವಾಗಬಾರದು ಎನ್ನುವವರು ಮೊದಲು ಬಿಡಿಸಬೇಕಾದ ಒಗಟು ಇದು. ಇದನ್ನು ಬಿಡಿಸಿಕೊಂಡರೆ ಉಳಿದ ಲೆಕ್ಕ ತಾನೇ ಬಿಚ್ಚಿಕೊಳ್ಳುತ್ತದೆ.

ಸದ್ದು ಮಾಡುವ ತೊಗಲು

ಕೋಳಿಯ ತೊಗಲಿನಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ನೀರು, ಕೊಬ್ಬು, ಮತ್ತು ಇವೆರಡನ್ನೂ ಹಿಡಿದಿಟ್ಟುಕೊಂಡ ನಾರಿನಂಥ ಪ್ರೋಟೀನು. ಈ ಪ್ರೋಟೀನಿನ ಹೆಸರು ಕೊಲಾಜೆನ್. ಹಸಿ ತೊಗಲನ್ನು ಎಳೆದರೆ ರಬ್ಬರಿನ ಹಾಗೆ ಹಿಗ್ಗುವುದು ಇದರಿಂದಲೇ. ನಿಧಾನವಾಗಿ ಕಾಯಿಸಿದಾಗ ಕೊಲಾಜೆನ್ ಸಡಿಲಗೊಂಡು ಜೆಲ್ಲಿಯಂತಾಗುತ್ತದೆ. ಕಾಯಿಸುತ್ತಲೇ ಹೋದರೆ ಅದರೊಳಗಿನ ನೀರು ಆವಿಯಾಗಿ ಹೊರಡುತ್ತದೆ, ಕೊಬ್ಬು ಕರಗಿ ಹರಿಯುತ್ತದೆ, ಕೊನೆಗೆ ತೆಳುವಾದ ಒಣ ಪ್ರೋಟೀನಿನ ಹಾಳೆ ಉಳಿಯುತ್ತದೆ.

ಈ ಒಣ ಹಾಳೆಯ ಸ್ಥಿತಿಯನ್ನು ಗಾಜುಸ್ಥಿತಿ ಎನ್ನೋಣ. ಅದರೊಳಗಿನ ಉದ್ದುದ್ದ ಅಣುಗಳು ಒಂದರ ಪಕ್ಕ ಒಂದು ಬಿಗಿಯಾಗಿ ಸಿಕ್ಕಿಕೊಂಡು ಅಲುಗಾಡದೆ ನಿಂತಿರುತ್ತವೆ. ಹಲ್ಲಿನಿಂದ ಒತ್ತಿದರೆ ಹಾಳೆ ಬಾಗುವುದಿಲ್ಲ, ಮುರಿಯುತ್ತದೆ. ಮುರಿದಾಗಿನ ಸದ್ದನ್ನೇ ನಾವು ಗರಿಗರಿ ಎನ್ನುತ್ತೇವೆ. ಇದಕ್ಕೆ ಸ್ವಲ್ಪ ನೀರು ಸೇರಿದರೂ ನೀರಿನ ಅಣುಗಳು ನಡುವೆ ನುಸುಳಿ ಅಣುಗಳಿಗೆ ಜಾರಲು ಜಾಗ ಮಾಡಿಕೊಡುತ್ತವೆ. ಆಗ ಮುರಿಯುವ ಬದಲು ಬಾಗುತ್ತದೆ, ಮೆತ್ತಗಾಗುತ್ತದೆ. ಸೇವಿನಲ್ಲಿರುವ ಕಡಲೆಹಿಟ್ಟಿನ ಪಿಷ್ಟಕ್ಕೂ, ಹಪ್ಪಳಕ್ಕೂ, ಕಟಿಯಾಗಿ ಸುಟ್ಟ ಜೋಳದ ರೊಟ್ಟಿಗೂ ಇದೇ ನಿಯಮ. ಕಟಿ ರೊಟ್ಟಿಗೆ ಎಣ್ಣೆಯ ಸೋಂಕೇ ಇಲ್ಲ. ಆದರೂ ಮುರಿದರೆ ಪಕ್ಕದ ಮನೆಗೆ ಕೇಳುತ್ತದೆ.

ಪಾರ್ಸೆಲ್ಲಿನ ರೆಕ್ಕೆ ಮೆತ್ತಗಾದದ್ದು ಹೊರಗಿನ ಗಾಳಿಯಿಂದಲ್ಲ. ಅದರೊಳಗಿನ ಮಾಂಸ ಇನ್ನೂ ಬಿಸಿಯಾಗಿ, ರಸಭರಿತವಾಗಿ ಇರುತ್ತದೆ. ಆ ನೀರಾವಿ ಹೊರಬಂದು ಮುಚ್ಚಿದ ಡಬ್ಬಿಯಲ್ಲಿ ದಾರಿ ಕಾಣದೆ ತೊಗಲಿನ ಮೇಲೇ ಕೂರುತ್ತದೆ.

ಅಂದರೆ ಗರಿಗರಿಯನ್ನು ತರುವುದು ನೀರು ಹೊರಡುವ ಕೆಲಸ. ಕಾದ ಎಣ್ಣೆ ಆ ಕೆಲಸವನ್ನು ಬೇಗ ಮಾಡಿಸುವ ಒಂದು ಸಾಧನ. ಬೇರೆ ಸಾಧನಗಳೂ ಇವೆ.

ರೆಕ್ಕೆಯಲ್ಲಿ ತೊಗಲಿನ ಪಾಲು

ಕೋಳಿಯ ಮಾಂಸ ಹಗುರ, ಪ್ರೋಟೀನು ಹೆಚ್ಚು ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಆ ಮಾತು ಎದೆಯ ತುಂಡಿಗೆ ಪೂರ್ತಿ ಒಪ್ಪುತ್ತದೆ. ರೆಕ್ಕೆಗೆ ಅರ್ಧ ಒಪ್ಪುತ್ತದೆ.

ರೆಕ್ಕೆ ಸಣ್ಣದು, ತೆಳ್ಳಗಿನದು. ಯಾವುದೇ ವಸ್ತು ಚಿಕ್ಕದಾದಷ್ಟೂ ಅದರ ಒಳಗಿನ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚಾಗುತ್ತದೆ. ಎದೆಯ ದಪ್ಪ ತುಂಡಿನ ಒಂದೇ ಬದಿಗೆ ತೊಗಲಿದ್ದರೆ, ರೆಕ್ಕೆಯ ಸುತ್ತಲೂ ತೊಗಲು ಸುತ್ತಿಕೊಂಡಿದೆ. ಒಳಗೆ ಮಾಂಸ ಸ್ವಲ್ಪ, ಎಲುಬು ಹೆಚ್ಚು. ಹಾರದ ಹಕ್ಕಿಯ ರೆಕ್ಕೆಯಲ್ಲಿ ಮಾಂಸ ಬೆಳೆಯುವುದಾದರೂ ಎಷ್ಟು? ಇದರ ಮೇಲೆ ಇನ್ನೊಂದು ಅಡಚಣೆ ಇದೆ. ಅಂಗಡಿಯವನು ಎದೆ, ತೊಡೆಗಳ ತೊಗಲನ್ನು ಒಂದೇ ಎಳೆತಕ್ಕೆ ಕಿತ್ತು ಕೊಡುತ್ತಾನೆ. ರೆಕ್ಕೆಯ ತೊಗಲು ಎಲುಬಿಗೆ ಅಂಟಿಕೊಂಡು ಸುಲಭಕ್ಕೆ ಬಾರದು. ಆದ್ದರಿಂದ ಸ್ಕಿನ್‌ಲೆಸ್ ಬೇಕೆಂದು ಹೇಳಿ ತಂದ ಕೋಳಿಯಲ್ಲೂ ರೆಕ್ಕೆಗೆ ತೊಗಲು ಉಳಿದಿರುವುದು ಸಾಮಾನ್ಯ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಲ್ಲಿ ಇದರ ಲೆಕ್ಕ ಸ್ಪಷ್ಟವಾಗಿದೆ. ಎಣ್ಣೆಯಿಲ್ಲದೆ ಸುಟ್ಟ ಎದೆಯ ಮಾಂಸ, ತೊಗಲು ತೆಗೆದದ್ದು, 100 ಗ್ರಾಮಿಗೆ ಸುಮಾರು 165 ಕ್ಯಾಲೊರಿ. ಸುಟ್ಟ ರೆಕ್ಕೆಯ ಬರೀ ಮಾಂಸ ಸುಮಾರು 203. ಅದೇ ರೆಕ್ಕೆ ತೊಗಲಿನ ಸಮೇತ ಸುಮಾರು 290. ಬರೀ ತೊಗಲನ್ನೇ ತೂಗಿದರೆ 450ಕ್ಕೂ ಹೆಚ್ಚು, ಅದರಲ್ಲಿ ಹತ್ತಿರ ಹತ್ತಿರ 40 ಗ್ರಾಮ್ ಕೊಬ್ಬು. ಒಂದು ಗ್ರಾಮ್ ಪ್ರೋಟೀನಿನಿಂದ 4 ಕ್ಯಾಲೊರಿ ಸಿಕ್ಕರೆ ಒಂದು ಗ್ರಾಮ್ ಕೊಬ್ಬಿನಿಂದ 9 ಸಿಗುತ್ತದೆ. ಆದ್ದರಿಂದ ರೆಕ್ಕೆಯ ಕ್ಯಾಲೊರಿಯನ್ನು ನಿರ್ಧರಿಸುವುದು ತೊಗಲಿನ ಕೆಳಗೆ ಎಷ್ಟು ಕೊಬ್ಬು ಉಳಿಯಿತು, ಮೇಲೆ ಎಷ್ಟು ಎಣ್ಣೆ ಸೇರಿತು ಎಂಬ ಎರಡು ಸಂಗತಿಗಳು.

ತೊಗಲಿನ ಕೊಬ್ಬನ್ನು ವಿಷದ ಹಾಗೆ ನೋಡಬೇಕಾಗಿಲ್ಲ. ಕೋಳಿಯ ಕೊಬ್ಬಿನಲ್ಲಿ ಗಟ್ಟಿಗೊಳ್ಳುವ ಸ್ಯಾಚುರೇಟೆಡ್ ಜಾತಿಯದು ಸುಮಾರು ಶೇಕಡಾ 30, ಉಳಿದದ್ದು ಹೆಚ್ಚಾಗಿ ಎಣ್ಣೆಗಳಲ್ಲಿರುವ ಬಗೆಯದು. ಆದರೆ ಪ್ರಮಾಣ ಮೀರಿದರೆ ಜಾತಿ ಯಾವುದಾದರೂ ಹೊಟ್ಟೆಯ ಸುತ್ತ ಸೇರುವುದೇ. ಹಿರೇಕೆರೂರು ಸೀಮೆಯ ಹೊಲಗಳಲ್ಲಿ ಬೆಳೆಯುವ ಗೋವಿನಜೋಳದಂಥ ಕಾಳೇ ಬ್ರಾಯ್ಲರ್ ಕೋಳಿಯ ಮೇವಿನ ದೊಡ್ಡ ಪಾಲು. ಕಾಳಿನ ಪಿಷ್ಟ ತಿಂದು, ಓಡಾಟವಿಲ್ಲದೆ, ಆರು ವಾರಕ್ಕೆ ಎರಡು ಕಿಲೊ ತೂಗುವ ಆ ಹಕ್ಕಿ ಬೇಡದ ಶಕ್ತಿಯನ್ನು ಕೊಬ್ಬಾಗಿ ಕೂಡಿಡುತ್ತದೆ. ಹಿತ್ತಲಲ್ಲಿ ಕೆದರಿ ತಿಂದ ಜವಾರಿ ಕೋಳಿಯ ರೆಕ್ಕೆ ಇದಕ್ಕಿಂತ ಒಣಕಲು. ಅದನ್ನು ಕರಿಯುವವರೂ ಇಲ್ಲ, ಅದು ಸಾರಿಗೇ ಲಾಯಕ್ಕು.

ಕಡಾಯಿಯಲ್ಲಿ ಆಗುವುದೇನು

ರೆಕ್ಕೆಯನ್ನು ಕಾದ ಎಣ್ಣೆಗೆ ಬಿಟ್ಟ ಕೂಡಲೇ ಭೋರ್ಗರೆದು ಗುಳ್ಳೆಗಳು ಏಳುತ್ತವೆ. ಎಣ್ಣೆ ಕುದಿಯುತ್ತಿದೆ ಎಂದು ಅನೇಕರು ತಿಳಿಯುತ್ತಾರೆ. ಎಣ್ಣೆ ಕುದಿಯುತ್ತಿಲ್ಲ. ಕರಿಯುವ ಎಣ್ಣೆಯ ಬಿಸಿ ಸುಮಾರು 175 ಡಿಗ್ರಿ, ನೀರು ಆವಿಯಾಗುವುದು 100 ಡಿಗ್ರಿಗೆ. ಆ ಗುಳ್ಳೆಗಳೆಲ್ಲ ರೆಕ್ಕೆಯೊಳಗಿನಿಂದ ಹೊರಟ ನೀರಾವಿ. ಗುಳ್ಳೆ ಕಡಿಮೆಯಾದರೆ ನೀರು ಕಡಿಮೆಯಾಯಿತು ಎಂದರ್ಥ. ನುರಿತ ಅಡಿಗೆಯವರು ಸದ್ದು ಕೇಳಿಯೇ ಇನ್ನು ತೆಗೆಯಬಹುದು ಎಂದು ತಿಳಿಯುವುದು ಇದರಿಂದ.

ನೀರಾವಿ ಇಷ್ಟು ಜೋರಾಗಿ ಹೊರಗೆ ನುಗ್ಗುತ್ತಿರುವಾಗ ಎಣ್ಣೆಗೆ ಒಳನುಗ್ಗಲು ದಾರಿ ಕಡಿಮೆ. ಹಾಗಾದರೆ ಕರಿದ ತಿಂಡಿಯೊಳಗೆ ಎಣ್ಣೆ ಸೇರುವುದು ಯಾವಾಗ? ಹೆಚ್ಚಿನ ಪಾಲು ಸೇರುವುದು ಕಡಾಯಿಯಿಂದ ಎತ್ತಿದ ಮೇಲೆ. ಕುದಿನೀರು ಹಾಕಿ ತೊಳೆದ ಪ್ಲಾಸ್ಟಿಕ್ ಬಾಟಲಿಗೆ ಬಿಸಿ ಆವಿ ತುಂಬಿರುವಾಗಲೇ ಮುಚ್ಚಳ ತಿರುಗಿಸಿಟ್ಟು ನೋಡಿ. ತಣ್ಣಗಾಗುತ್ತ ಬಾಟಲಿ ತಾನೇ ಒಳಕ್ಕೆ ಸೊಟ್ಟಗಾಗುತ್ತದೆ. ಒಳಗಿನ ಆವಿ ನೀರಾಗಿ ಕುಗ್ಗಿ, ಜಾಗ ಬರಿದಾಗಿ, ಹೊರಗಿನ ಗಾಳಿ ಬಾಟಲಿಯನ್ನು ಒತ್ತುತ್ತದೆ. ಕರಿದ ರೆಕ್ಕೆಯ ತೊಗಲಿನಲ್ಲೂ ಹಿಟ್ಟಿನ ಪದರದಲ್ಲೂ ಇಂಥ ಸಾವಿರಾರು ಸಣ್ಣ ರಂಧ್ರಗಳಿವೆ, ಎಲ್ಲದರಲ್ಲೂ ಆವಿ ತುಂಬಿದೆ. ಎತ್ತಿದ ಕೂಡಲೇ ತಣ್ಣಗಾಗತೊಡಗಿ ಆವಿ ಕುಗ್ಗುತ್ತದೆ. ರಂಧ್ರದ ಬಾಯಲ್ಲಿ ಕಾದು ಕುಳಿತಿರುವುದು ಗಾಳಿಯಲ್ಲ, ಮೈಗೆ ಮೆತ್ತಿಕೊಂಡ ಎಣ್ಣೆ. ಅದು ಒಳಕ್ಕೆ ಹೋಗುತ್ತದೆ.

ಆದ್ದರಿಂದ ಎತ್ತಿದ ಮೊದಲ ಒಂದು ನಿಮಿಷ ಬಹಳ ಬೆಲೆಯುಳ್ಳದ್ದು. ಜಾಲರಿ ಸಟ್ಟುಗದಲ್ಲಿ ಎತ್ತಿ ಚೆನ್ನಾಗಿ ಜಾಡಿಸಿ, ಬಿಸಿಯಿರುವಾಗಲೇ ಕಾಗದದಲ್ಲಿ ಒತ್ತಿ, ಒಂದರ ಮೇಲೊಂದು ಹೇರದೆ ಜಾಲರಿಯ ಮೇಲೆ ಹರಡಿದರೆ ಮೇಲ್ಮೈಯ ಎಣ್ಣೆ ಒಳಹೋಗುವ ಮೊದಲೇ ಹೊರಗೆ ಹೋಗುತ್ತದೆ. ತಟ್ಟೆಯಲ್ಲಿ ರಾಶಿ ಹಾಕಿ, ತಣ್ಣಗಾದ ಮೇಲೆ ಕಾಗದದಿಂದ ಒರೆಸಿದರೆ ಉಪಯೋಗ ಅಲ್ಪ.

ಹಿಟ್ಟಿನ ವಿಷಯಕ್ಕೆ ಬರೋಣ. ಬಂಡಿಯಲ್ಲಿ ರೆಕ್ಕೆಗೆ ಮೈದಾ, ಕಾರ್ನ್‌ಫ್ಲೋರ್ ಕಲಸಿ ದಪ್ಪಗೆ ಮೆತ್ತುತ್ತಾರೆ. ಹಿಟ್ಟಿನಲ್ಲಿ ನೀರು ಹೆಚ್ಚು, ಆ ನೀರು ಹೊರಟ ಜಾಗವೆಲ್ಲ ಎಣ್ಣೆಗೆ ಸಿದ್ಧವಾದ ರಂಧ್ರ. ಇಲ್ಲಿ ಕೋಷ್ಟಕಗಳನ್ನು ಎಚ್ಚರದಿಂದ ಓದಬೇಕು. 100 ಗ್ರಾಮಿನ ಲೆಕ್ಕದಲ್ಲಿ ಹಿಟ್ಟು ಮೆತ್ತಿ ಕರಿದ ರೆಕ್ಕೆಗೆ ಸುಮಾರು 324 ಕ್ಯಾಲೊರಿ, ಬರೀ ಸುಟ್ಟದ್ದಕ್ಕೆ 290. ವ್ಯತ್ಯಾಸ ಇಷ್ಟೇನಾ ಅನ್ನಿಸುತ್ತದೆ. ನಾವು ರೆಕ್ಕೆಯನ್ನು ತೂಕ ಮಾಡಿ ತಿನ್ನುವುದಿಲ್ಲ, ಎಣಿಸಿ ತಿನ್ನುತ್ತೇವೆ. ಸುಟ್ಟ ಒಂದು ರೆಕ್ಕೆಯಲ್ಲಿ ಎಲುಬು ಬಿಟ್ಟು ತಿನ್ನುವ ಭಾಗ ಸುಮಾರು 34 ಗ್ರಾಮ್, ಅಂದರೆ ಹತ್ತಿರ ಹತ್ತಿರ 100 ಕ್ಯಾಲೊರಿ. ಅದೇ ರೆಕ್ಕೆ ಹಿಟ್ಟಿನ ಕವಚ ತೊಟ್ಟು ಕರಿದು ಬಂದಾಗ 49 ಗ್ರಾಮ್, ಸುಮಾರು 160 ಕ್ಯಾಲೊರಿ. ಆರು ರೆಕ್ಕೆ ತಿಂದವರಿಗೆ ಒಂದು ಕಡೆ 600, ಇನ್ನೊಂದು ಕಡೆ 950. ಪ್ರೋಟೀನು ಎರಡರಲ್ಲೂ ಒಂದು ರೆಕ್ಕೆಗೆ 9–10 ಗ್ರಾಮ್ ಅಷ್ಟೇ. ನಮ್ಮ ಕೋಳಿ ಅಮೆರಿಕದ ಕೋಳಿಗಿಂತ ಚಿಕ್ಕದಿದ್ದರೆ ಅಂಕಿಗಳು ಇಳಿಯುತ್ತವೆ, ಆದರೆ ಎರಡರ ನಡುವಿನ ಅಂತರದ ಸ್ವಭಾವ ಹಾಗೇ ಇರುತ್ತದೆ. ಹಿಟ್ಟು ಕೊಟ್ಟದ್ದು ಮೈದಾ ಮತ್ತು ಎಣ್ಣೆ.

ಎಣ್ಣೆಯ ವಯಸ್ಸೂ ಮುಖ್ಯ. ಬೆಳಿಗ್ಗೆ ಮಿರ್ಚಿ, ಮಧ್ಯಾಹ್ನ ಗೋಬಿ, ಸಂಜೆ ಕಬಾಬು, ಎಲ್ಲಕ್ಕೂ ಅದೇ ಕಡಾಯಿಯ ಎಣ್ಣೆ ಎಂದಾದರೆ ಆ ಎಣ್ಣೆ ಒಡೆದು ಬೇರೆ ಬೇರೆ ವಸ್ತುಗಳಾಗಿರುತ್ತದೆ. ಇವುಗಳ ಒಟ್ಟು ಪ್ರಮಾಣ ಶೇಕಡಾ 25 ಮೀರಿದ ಎಣ್ಣೆಯನ್ನು ಅಡಿಗೆಗೆ ಬಳಸಬಾರದೆಂದು ಭಾರತದ ಆಹಾರ ಸುರಕ್ಷಾ ಪ್ರಾಧಿಕಾರ 2018ರ ಜುಲೈಯಿಂದ ನಿಯಮ ಮಾಡಿದೆ. ಗಿರಾಕಿಗೆ ಅಳೆಯುವ ಯಂತ್ರವಿಲ್ಲ. ಎಣ್ಣೆ ಕಪ್ಪಾಗಿದೆಯೇ, ಮಂದವಾಗಿದೆಯೇ, ತಿಂಡಿ ಬಿಡುವ ಮೊದಲೇ ಹೊಗೆಯಾಡುತ್ತಿದೆಯೇ, ನೊರೆ ಇಳಿಯದೆ ನಿಂತಿದೆಯೇ ಎಂದು ನೋಡಲು ಕಣ್ಣು ಸಾಕು. ಹಾಗಿದ್ದರೆ ಆ ಬಂಡಿಯನ್ನು ಬಿಟ್ಟು ಮುಂದೆ ಹೋಗುವುದೇ ಒಳ್ಳೆಯದು.

ಖಾರದ ಮೇಲೆ ಬಿದ್ದ ಅಪವಾದ

ರೆಕ್ಕೆ ತಿಂದ ರಾತ್ರಿ ಹೊಟ್ಟೆ ಭಾರವಾದರೆ ದೂರು ಹೋಗುವುದು ಖಾರದ ಮೇಲೆ. ಖಾರದ ಪಾತ್ರ ಏನೆಂದು ವಿವರವಾಗಿ ನೋಡುವುದು ನ್ಯಾಯ.

ಮೆಣಸಿನಕಾಯಿಯನ್ನು ಖಾರ ಮಾಡುವ ವಸ್ತು ಕ್ಯಾಪ್ಸೈಸಿನ್. ಇದು ತಯಾರಾಗುವುದು ಕಾಯಿಯೊಳಗೆ ಬೀಜಗಳು ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜವೇ ಖಾರ ಎಂಬ ನಂಬಿಕೆಗೆ ಕಾರಣ, ತಿರುಳಿನ ಖಾರ ಬೀಜಕ್ಕೆ ಹತ್ತಿರುತ್ತದೆ. ನಮ್ಮ ನಾಲಗೆಯ ನರಗಳಲ್ಲಿ ಬಿಸಿಯನ್ನು ಅರಿಯುವ ಪ್ರೋಟೀನಿನ ಬಾಗಿಲುಗಳಿವೆ. ಇವನ್ನು ಉರಿಬಾಗಿಲು ಎನ್ನೋಣ. ವಿಜ್ಞಾನಿಗಳು ಇಟ್ಟ ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿಗಿಂತ ಬಿಸಿಯಾದ ವಸ್ತು ತಾಗಿದಾಗ ಇದು ತೆರೆದು ಸುಡುತ್ತಿದೆ ಎಂಬ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಕ್ಯಾಪ್ಸೈಸಿನ್ ಬಂದು ಕೂತರೆ ಈ ಬಾಗಿಲು ಮೈಯ ಸಹಜ ಬಿಸಿಗೇ ತೆರೆದುಕೊಳ್ಳುತ್ತದೆ. ನಾಲಗೆ ಸುಟ್ಟಿಲ್ಲ, ಸುಟ್ಟಿತೆಂಬ ಸುದ್ದಿ ಮಾತ್ರ ಹೋಗಿದೆ. ಮೈ ಬೆವರುವುದು, ಮೂಗು ಸುರಿಯುವುದು ಎಲ್ಲ ಆ ಸುದ್ದಿಗೆ ಕೊಟ್ಟ ಉತ್ತರ. ಈ ಬಾಗಿಲನ್ನು 1997ರಲ್ಲಿ ಪತ್ತೆ ಮಾಡಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ಜೊತೆ ನೊಬೆಲ್ ಬಂತು.

ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಕೋಳಿಗೂ ಉರಿಬಾಗಿಲು ಇದೆ. ಬಿಸಿ ತಾಗಿದರೆ ಅದೂ ತೆರೆಯುತ್ತದೆ. ಆದರೆ ಕ್ಯಾಪ್ಸೈಸಿನ್ ಕೂರಬೇಕಾದ ಜಾಗದ ರಚನೆ ಹಕ್ಕಿಗಳಲ್ಲಿ ಬೇರೆ. ಕೋಳಿಯ ಈ ಪ್ರೋಟೀನನ್ನೇ ತೆಗೆದುಕೊಂಡು ಜೂಲಿಯಸ್ ಅವರ ಪ್ರಯೋಗಾಲಯ 2002ರಲ್ಲಿ ಇದನ್ನು ತೋರಿಸಿತು. ಗಿಣಿ ಮೆಣಸಿನಕಾಯಿ ಕುಕ್ಕಿ ತಿಂದು ಹಾಯಾಗಿ ಹಾರಿಹೋಗುವುದು ಇದರಿಂದಲೇ. ಬೀಜ ಜಗಿದು ಹಾಳುಮಾಡುವ ಇಲಿ, ಹೆಗ್ಗಣಗಳನ್ನು ಗಿಡ ಖಾರದಿಂದ ದೂರವಿಟ್ಟಿತು, ನುಂಗಿ ದೂರದಲ್ಲಿ ಬೀಜ ಬಿತ್ತುವ ಹಕ್ಕಿಗಳಿಗೆ ಖಾರವನ್ನೇ ತಿಳಿಸಲಿಲ್ಲ. ಕೋಳಿಗೆ ಎಂದೂ ಗೊತ್ತಾಗದ ಉರಿಯನ್ನು ಅದರ ರೆಕ್ಕೆಗೆ ಹಚ್ಚಿ ತಿನ್ನುವ ಪ್ರಾಣಿ ಮನುಷ್ಯನೊಬ್ಬನೇ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಖಾರ ಹತ್ತಿದಾಗ ನೀರು ಕುಡಿದರೆ ಅದು ಬಾಯ ತುಂಬ ಹರಡುತ್ತದೆ ಹೊರತು ಹೋಗುವುದಿಲ್ಲ. ಮೊಸರು, ಹಾಲು, ಮಜ್ಜಿಗೆಯಲ್ಲಿರುವ ಕೇಸೀನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದು ನಾಲಗೆಯಿಂದ ಎತ್ತಿಕೊಂಡು ಹೋಗುತ್ತದೆ. ಖಾನಾವಳಿಯಲ್ಲಿ ಊಟದ ಕೊನೆಗೆ ಮೊಸರು ಬರುವುದರ ಹಿಂದೆ ಈ ರಸಾಯನವಿದೆ.

ಖಾರದಿಂದ ಕ್ಯಾಲೊರಿ ಬರುವುದು ಲೆಕ್ಕಕ್ಕೇ ಇಲ್ಲದಷ್ಟು. ಖಾರ ತಿಂದರೆ ಕೊಬ್ಬು ಕರಗುತ್ತದೆ ಎಂಬ ಮಾತನ್ನೂ ನಂಬಿ ಕೂರಬೇಡಿ, ಆ ಪರಿಣಾಮ ಬಹಳ ಸಣ್ಣದು. ಹೊಟ್ಟೆಯ ಹುಣ್ಣಿಗೆ ಖಾರವೇ ಕಾರಣ ಎಂಬ ಹಳೆಯ ಭಯಕ್ಕೂ ಆಧಾರವಿಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ಕೆಲವು ನೋವಿನ ಮಾತ್ರೆಗಳು ಅದರ ಮುಖ್ಯ ಕಾರಣಗಳು. ಆ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 2005ರಲ್ಲಿ ನೊಬೆಲ್ ಪಡೆದರು. ಈಗಾಗಲೇ ಹುಣ್ಣಿರುವವರಿಗೆ, ಎದೆಯುರಿ ಕಾಡುವವರಿಗೆ ಖಾರ ನೋವು ಹೆಚ್ಚಿಸುತ್ತದೆ ಎಂಬುದು ನಿಜ. ಅಂಥವರು ಕಡಿಮೆ ತಿನ್ನಬೇಕು. ಉಳಿದವರ ರಾತ್ರಿಯ ಭಾರಕ್ಕೆ ಕೊಬ್ಬು ದೊಡ್ಡ ಕಾರಣ, ಯಾಕೆಂದರೆ ಕೊಬ್ಬು ಹೆಚ್ಚಿದ ಊಟ ಹೊಟ್ಟೆಯಿಂದ ಮುಂದೆ ಸಾಗಲು ಹೆಚ್ಚು ಹೊತ್ತು ಬೇಕು.

ಬ್ಯಾಡಗಿಯ ಕೆಂಪು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಇರುವ ಹಾವೇರಿ ಜಿಲ್ಲೆಯಲ್ಲೇ ಬ್ಯಾಡಗಿಯೂ ಇದೆ. ಮೆಣಸಿನಕಾಯಿಯ ಮಾರುಕಟ್ಟೆಗೆ ದೇಶದಲ್ಲೇ ಹೆಸರಾದ ಊರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಡಬ್ಬಿ, ಕಡ್ಡಿ ಎಂದು ಅದರಲ್ಲಿ ಎರಡು ಬಗೆ. ಗುಂಟೂರಿನ ಕಾಯಿಯಷ್ಟು ಉರಿ ಇಲ್ಲ, ಆದರೆ ಕೆಂಪು ಬಹಳ ಗಾಢ. ಸುಕ್ಕುಗಟ್ಟಿದ ಆ ಸಿಪ್ಪೆಯಲ್ಲಿ ಕ್ಯಾಪ್ಸಾಂಥಿನ್ ಎಂಬ ಬಣ್ಣದ ವಸ್ತು ತುಂಬಿದೆ. ಗಜ್ಜರಿಯ ಬಣ್ಣದ ಬಳಗಕ್ಕೇ ಸೇರಿದ್ದು ಇದು. ಖಾರ ತಿರುಳಿನಲ್ಲಿ, ಬಣ್ಣ ಸಿಪ್ಪೆಯಲ್ಲಿ ಇರುವುದರಿಂದ ಎರಡೂ ಬೇರೆ ಬೇರೆಯಾಗಿ ಏರಿಳಿಯಬಲ್ಲವು. ನೋಡಿದರೆ ಬೆಂಕಿ, ತಿಂದರೆ ಹಿತ ಎಂಬ ಬ್ಯಾಡಗಿಯ ಗುಣ ಬಂದದ್ದು ಹೀಗೆ.

ಈ ಬಣ್ಣವೂ ಕೊಬ್ಬಿನಲ್ಲೇ ಕರಗುತ್ತದೆ. ಸಾವಜಿ ಖಾನಾವಳಿಯ ಸಾರಿನ ಮೇಲೆ ತೇಲುವ ಎಣ್ಣೆ ರಕ್ತಗೆಂಪಾಗಿದ್ದು, ಕೆಳಗಿನ ನೀರು ಮಾಸಲಾಗಿರುವುದನ್ನು ನೆನೆಸಿಕೊಳ್ಳಿ. ಖಾರಪುಡಿಯನ್ನು ನೀರಿನಲ್ಲಿ ಕಲಸಿ ರೆಕ್ಕೆಗೆ ಹಚ್ಚಿದರೆ ಬಣ್ಣ ಮಂಕಾಗಿ ಕಾಣುವುದೂ ಇದಕ್ಕೇ. ಒಂದು ಸಣ್ಣ ಚಮಚ ಎಣ್ಣೆಯನ್ನು ಬೆಚ್ಚಗೆ ಮಾಡಿ, ಒಲೆಯಿಂದ ಇಳಿಸಿ, ಎರಡು ಚಮಚ ಬ್ಯಾಡಗಿ ಪುಡಿ ಹಾಕಿ ಕಲಸಿದರೆ ಅರ್ಧ ಕಿಲೊ ರೆಕ್ಕೆಗೆ ಹಚ್ಚುವಷ್ಟು ಕೆಂಪು ಸಿಗುತ್ತದೆ.

ಇಂಥ ಕೆಂಪು ಕೈಗೆಟಕುವಲ್ಲಿ ಇರುವಾಗ ಅಂಗಡಿಯ ಕೃತಕ ಬಣ್ಣವನ್ನು ಕೋಳಿಗೆ ಬಳಿಯುವುದು ನನಗೆ ಸಂಕಟದ ವಿಷಯ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ರಾಜ್ಯದಲ್ಲಿ ಸಂಗ್ರಹಿಸಿದ 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ಪರೀಕ್ಷೆಯಲ್ಲಿ ಕಂಡುಬಂತು. ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್ ಎಂಬ ಬಣ್ಣಗಳು ಅವುಗಳಲ್ಲಿದ್ದವು. ತಿಂದ ಬೆರಳು ಸೋಪಿನಿಂದ ತೊಳೆದರೂ ಕೆಂಪಾಗಿಯೇ ಉಳಿದರೆ, ನಿಂಬೆಹೋಳು ತಾಗಿದಲ್ಲೆಲ್ಲ ಕೆಂಪುನೀರು ಸುರಿದರೆ ಅನುಮಾನಿಸಬೇಕು. ನೀರಿನಲ್ಲಿ ಬಿಡುವ ಕೆಂಪು ಮೆಣಸಿನಕಾಯಿಯದ್ದಲ್ಲ.

ಹಂಚಿನ ಮೇಲೆ, ಕೆಂಡದ ಮೇಲೆ

ನೀರು ಹೊರಡಬೇಕು, ಕೊಬ್ಬು ಕರಗಿ ಹೊರಗೆ ಹರಿಯಬೇಕು, ಹೊಸ ಎಣ್ಣೆ ಒಳಗೆ ಬರಬಾರದು. ಇಷ್ಟನ್ನು ಮನೆಯ ಒಲೆಯಲ್ಲೇ ಮಾಡಬಹುದು.

ಅರ್ಧ ಕಿಲೊ ರೆಕ್ಕೆಯನ್ನು ಗೆಣ್ಣಿನಲ್ಲಿ ಕತ್ತರಿಸಿ, ತುದಿಯ ಭಾಗವನ್ನು ಬೇರೆ ತೆಗೆದಿಡಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವ ರೂಢಿ ನಮ್ಮಲ್ಲಿ ಬಲವಾಗಿದೆ, ಆದರೆ ಸಿಡಿದ ಹನಿಗಳಿಂದ ಕ್ರಿಮಿಗಳು ಅಡಿಗೆಮನೆಯೆಲ್ಲ ಹರಡುತ್ತವೆ. ತೊಳೆಯಲೇಬೇಕೆಂದರೆ ಬೋಗುಣಿಯಲ್ಲಿ ಮೆಲ್ಲಗೆ ತೊಳೆಯಿರಿ. ಆಮೇಲೆ ಶುಭ್ರ ಕಾಗದದಿಂದ ಪ್ರತಿಯೊಂದನ್ನೂ ಒತ್ತಿ ಒತ್ತಿ ಒರೆಸಿ. ಇಡೀ ಅಡಿಗೆಯಲ್ಲಿ ಇದರಷ್ಟು ಮುಖ್ಯ ಹೆಜ್ಜೆ ಇನ್ನೊಂದಿಲ್ಲ. ಮೇಲೆ ನೀರಿರುವ ತನಕ ತೊಗಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ಮಾಂಸಕ್ಕೆ ಹೊಂಬಣ್ಣವೂ ಸುಟ್ಟ ಪರಿಮಳವೂ ಬರುವುದು 140 ಡಿಗ್ರಿಯ ಆಚೆಗೆ. ಒರೆಸಿದ ಮೇಲೆ ಅರ್ಧ ಸಣ್ಣ ಚಮಚ ಉಪ್ಪು, ಮುಕ್ಕಾಲು ಸಣ್ಣ ಚಮಚ ಬೇಕಿಂಗ್ ಪೌಡರ್ ಸವರಿ, ತಟ್ಟೆಯಲ್ಲಿ ಹರಡಿ, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಮುಚ್ಚದೆ ಕೆಲವು ತಾಸು ಇಡಿ. ಫ್ರಿಜ್ಜಿನ ಒಣಗಾಳಿ ತೊಗಲಿನ ತೇವ ಹೀರುತ್ತದೆ. ಬೇಕಿಂಗ್ ಪೌಡರಿನ ಕ್ಷಾರ ತೊಗಲು ಬೇಗ ಕೆಂಪಗೆ ಬೇಯಲು ನೆರವಾಗುತ್ತದೆ. ಅಡಿಗೆ ಸೋಡಾ ಹಾಕಬೇಡಿ, ಸಾಬೂನಿನ ರುಚಿ ಬರುತ್ತದೆ.

ರೊಟ್ಟಿ ಬೇಯಿಸುವ ಕಬ್ಬಿಣದ ಹಂಚಿಗೆ ಎಣ್ಣೆ ಹಾಕದೆ, ಹಂಚು ತಣ್ಣಗಿರುವಾಗಲೇ ತೊಗಲಿನ ಬದಿ ಕೆಳಗೆ ಮಾಡಿ ರೆಕ್ಕೆಗಳನ್ನು ಜೋಡಿಸಿ. ಸಣ್ಣ ಉರಿ. ಮೆಲ್ಲಮೆಲ್ಲಗೆ ಬಿಸಿಯೇರಿದಂತೆ ತೊಗಲಿನ ಕೆಳಗಿನ ಕೊಬ್ಬು ಕರಗಿ ಹಂಚಿಗೆ ಇಳಿಯುತ್ತದೆ, ಆ ಕೊಬ್ಬಿನಲ್ಲೇ ರೆಕ್ಕೆ ಬೇಯುತ್ತದೆ. ಹಂಚಿನಲ್ಲಿ ಸೇರಿದ ಕೊಬ್ಬನ್ನು ಒಂದೆರಡು ಸಲ ಬಟ್ಟಲಿಗೆ ಬಸಿಯಿರಿ. ಅಷ್ಟು ಕ್ಯಾಲೊರಿ ತಟ್ಟೆಗೆ ಬರಲಿಲ್ಲ ಎಂದು ಕಣ್ಣಾರೆ ನೋಡಬಹುದು. ಮೊದಲಿಗೆ ಮುಚ್ಚಳವನ್ನು ಅರ್ಧ ತೆರೆದಿಡಿ, ಒಳಗಿನ ಮಾಂಸ ಬೆಂದ ಮೇಲೆ ಪೂರ್ತಿ ತೆಗೆದು ಉರಿ ಹೆಚ್ಚಿಸಿ. ಎಲುಬಿನ ಬಳಿ ಕೆಂಪು ನೀರು ಕಾಣಬಾರದು. ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ತೋರಿಸಬೇಕು. ಓವನ್ ಇದ್ದವರು 200 ಡಿಗ್ರಿಯಲ್ಲಿ ಜಾಲರಿಯ ಮೇಲೆ ಮುಕ್ಕಾಲು ಗಂಟೆ ಬೇಯಿಸಿದರೆ ಇದೇ ಫಲ. ಏರ್‌ಫ್ರೈಯರ್ ಎಂಬುದು ಫ್ಯಾನು ಕೂಡಿಸಿದ ಸಣ್ಣ ಓವನ್ನೇ. ಬೀಸುವ ಬಿಸಿಗಾಳಿ ತೇವವನ್ನು ಬೇಗ ಒಯ್ಯುವುದರಿಂದ ಅದರಲ್ಲಿ ಅರ್ಧ ಹೊತ್ತು ಸಾಕು. ಕೆಂಡದ ಮೇಲೆ ಸುಡುವವರು ಜ್ವಾಲೆ ಇಳಿದ ಮೇಲೆ ಇಡಬೇಕು, ಕರಕಲಾದ ಭಾಗವನ್ನು ತೆಗೆದುಹಾಕಬೇಕು.

ಮಸಾಲೆ ಹಚ್ಚುವುದು ಕೊನೆಗೆ. ಮೊಸರು, ಖಾರ, ಬೆಳ್ಳುಳ್ಳಿಯಲ್ಲಿ ಮೊದಲೇ ನೆನೆಸಿಡುವ ಪದ್ಧತಿಯ ಮೇಲೆ ನನಗೆ ಗೌರವವಿದೆ. ಮಾಂಸ ಮೃದುವಾಗುತ್ತದೆ, ಎದೆಯ ತುಂಡಿಗೆ ಅದು ಬೇಕು. ರೆಕ್ಕೆಗೆ ಆ ನೀರು ಬೇಡ. ಮೇಲಾಗಿ ಖಾರಪುಡಿ ಹೆಚ್ಚಿನ ಉರಿಗೆ ಕಪ್ಪಾಗಿ ಕಹಿಯಾಗುತ್ತದೆ. ರೆಕ್ಕೆ ಗರಿಗರಿಯಾದ ನಂತರ, ಮೇಲೆ ಹೇಳಿದ ಬ್ಯಾಡಗಿ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಹುರಿದು ಕುಟ್ಟಿದ ಜೀರಿಗೆ, ಕರಿಮೆಣಸು ಸೇರಿಸಿ ಅದರಲ್ಲಿ ಹೊರಳಾಡಿಸಿ, ತಿನ್ನುವ ಮುಂಚೆ ನಿಂಬೆ ಹಿಂಡಿ. ಹೆಚ್ಚು ಉರಿ ಬೇಕೆಂಬವರು ಕಾಲು ಪಾಲು ಗುಂಟೂರು ಪುಡಿ ಬೆರೆಸಲಿ.

ಸೋಯಾ ಸಾಸಿನ ಬಾಟಲಿಯನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಅಂಕಿ ನೆನಪಿರಲಿ. ಅದರ ಒಂದು ದೊಡ್ಡ ಚಮಚದಲ್ಲಿ ಎರಡು ಗ್ರಾಮಿಗೂ ಹೆಚ್ಚು ಉಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 5 ಗ್ರಾಮಿಗಿಂತ ಕಡಿಮೆ. ರಕ್ತದೊತ್ತಡ ಇರುವ ಮನೆಯಲ್ಲಿ ನಿಂಬೆಯ ಹುಳಿಯೇ ಸಾಸಿನ ಕೆಲಸ ಮಾಡಲಿ.

ತಟ್ಟೆಯ ಉಳಿದ ಭಾಗ

60 ಕಿಲೊ ತೂಗುವ ವಯಸ್ಕನಿಗೆ ದಿನಕ್ಕೆ ಸುಮಾರು 50 ಗ್ರಾಮ್ ಪ್ರೋಟೀನು ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಸುಟ್ಟ ಮೂರು ರೆಕ್ಕೆಯಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ. ಆರು ತಿಂದರೆ ಪ್ರೋಟೀನು ದಿನಕ್ಕಾಗುವಷ್ಟು ಆಗುತ್ತದೆ, ಜೊತೆಗೆ ಕೊಬ್ಬೂ 40 ಗ್ರಾಮಿನಷ್ಟು ಆಗುತ್ತದೆ. ಮೂರಕ್ಕೆ ನಿಲ್ಲಿಸಿ, ಜೋಳದ ರೊಟ್ಟಿ, ಮೆಂತ್ಯದ ಪಚಡಿ, ಹಸಿ ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಒಂದು ಬಟ್ಟಲು ಮೊಸರು ಇಟ್ಟುಕೊಂಡರೆ ರೆಕ್ಕೆಯಲ್ಲಿ ಚೂರೂ ಇಲ್ಲದ ನಾರು ರೊಟ್ಟಿಯಿಂದಲೂ ಸೊಪ್ಪಿನಿಂದಲೂ ಬರುತ್ತದೆ. ಉತ್ತರ ಕರ್ನಾಟಕದ ಊಟದಲ್ಲಿ ಹಸಿ ಸೊಪ್ಪು ತರಕಾರಿಗೆ ಮೊದಲಿನಿಂದಲೂ ಜಾಗವಿದೆ. ಬಂಡಿಯ ಮುಂದೆ ನಿಂತು ಬರೀ ಲಾಲಿಪಾಪನ್ನೇ ಊಟ ಮಾಡಿಕೊಂಡಾಗ ಆ ಜಾಗ ಖಾಲಿಯಾಗುತ್ತದೆ.

ಬೇರೆ ತೆಗೆದಿಟ್ಟ ರೆಕ್ಕೆಯ ತುದಿಗಳನ್ನು ಎಸೆಯಬೇಡಿ. ಕರಿದ ಖಾರದ ರೆಕ್ಕೆ ಜಗತ್ತಿಗೆಲ್ಲ ಪರಿಚಯವಾದದ್ದು ಅಮೆರಿಕದ ಬಫಲೋ ಊರಿನ ಆಂಕರ್ ಬಾರ್‌ನಲ್ಲಿ 1964ರಲ್ಲಿ ಎಂದು ಹೇಳುತ್ತಾರೆ. ಅದಕ್ಕೆ ಮೊದಲು ಅಲ್ಲಿಯೂ ರೆಕ್ಕೆ ಹೋಗುತ್ತಿದ್ದದ್ದು ಹೆಚ್ಚಾಗಿ ಸೂಪಿನ ಪಾತ್ರೆಗೆ. ತುದಿಯಲ್ಲಿ ಮಾಂಸವಿಲ್ಲದಿದ್ದರೂ ಕೊಲಾಜೆನ್ ಧಾರಾಳ. ಶುಂಠಿ, ಬೆಳ್ಳುಳ್ಳಿ, ಕರಿಮೆಣಸಿನ ಜೊತೆ ಸಣ್ಣ ಉರಿಯಲ್ಲಿ ಒಂದೂವರೆ ತಾಸು ಕುದಿಸಿ ಸೋಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಕೊಬ್ಬೆಲ್ಲ ಮೇಲೆ ಹಳದಿ ಪದರವಾಗಿ ಹೆಪ್ಪುಗಟ್ಟಿರುತ್ತದೆ. ಅದನ್ನು ಚಮಚದಿಂದ ಎತ್ತಿ ತೆಗೆದು, ಕೆಳಗಿನ ಸಾರನ್ನು ಬಿಸಿ ಮಾಡಿ ಬೇಳೆಗೋ ಅನ್ನಕ್ಕೋ ಹಾಕಿಕೊಳ್ಳಬಹುದು.